ರೇಡಿಯೋ ಗುಂಡಿಗೆ ಬಿಟ್ಟ ಹರಳೆಣ್ಣೆ

ಶೇಖಪ್ಪ ಮಾಮಾ,

ನೀವು ಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಬೈಯುವವರೇ ಇಲ್ಲ. ಅಕ್ಕನ ಗಂಡನಿಗೆ ಆ ಹಕ್ಕು ಇದ್ದೇ ಇತ್ತು, ನೀವು ಧಾರಾಳವಾಗಿ ಬಳಸಿದಿರಿ. ಬೈಗುಳಕ್ಕೆ ಬೇಕಾದಷ್ಟು ಸರಕು ಈ ಪತ್ರದಲ್ಲಿದೆ.

ಕೊಪ್ಪಳದಿಂದ ಆ ಬ್ಯಾಟರಿ ರೇಡಿಯೋವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಯಲಬುರ್ಗಾಕ್ಕೆ ತಂದದ್ದು ನೆನಪಿದೆಯೇ? ಹಾದಿಯ ಎರೆಮಣ್ಣಿನ ಧೂಳೆಲ್ಲ ಅದರ ಹೊಟ್ಟೆ ಸೇರಿತ್ತು. ದನಿ ಏರಿಸಲೂ ಆರಿಸಲೂ ಇದ್ದದ್ದು ಒಂದೇ ಗುಂಡಿ. ತಿಂಗಳೊಳಗೆ ಅದು ಬಿಗಿಯಾಯಿತು. ನಾನು ನನ್ನ ಚಟದಂತೆ, ಗಾಲಿಗೆ ಹರಳೆಣ್ಣೆ, ರೊಟ್ಟಿಗೆ ಹಸಿಬೆಣ್ಣೆ, ಗುಂಡಿಗೂ ಬಿಡೋಣ ಒಂದು ಹನಿ ಎಣ್ಣೆ ಎಂದೆ. ನೀವು ನಗಲಿಲ್ಲ.

“ನಿನ್ನ ಪ್ರಾಸಕ್ಕ ಬೆಂಕಿ ಹಚ್ಚಲಿ. ಇದು ಗಾಡಿ ಅಲ್ಲೋ. ಎಣ್ಣಿ ಮುಟ್ಟಿಸಿದ್ರ ಕೈ ಮುರೀತೀನಿ ನೋಡು.”

ನೀವು ಸಂತೆಗೆ ಹೋದಾಗ ಮುಟ್ಟಿಸಿದೆ. ಧಾರವಾಡದಲ್ಲಿ ಓದಿ ಪದವಿ ತಂದವನಿಗೂ ಗಾಡಿ ಹೊಡೆಯುತ್ತಿದ್ದ ಅಪ್ಪನ ಬುದ್ಧಿಯೇ ಮುಂದಾಯಿತು: ಕಿರುಗುಟ್ಟಿದ್ದಕ್ಕೆಲ್ಲ ಹರಳೆಣ್ಣೆ. ಎರಡು ದಿನ ಗುಂಡಿ ಸಲೀಸಾಗಿ ತಿರುಗಿತು. ತಾನಾಗಿಯೇ ಸಡಿಲಾಯಿತೆಂದು ನೀವು ಹಿಗ್ಗಿದಿರಿ, ನಾನು ಬಾಯಿ ಬಿಡಲಿಲ್ಲ. ಆಮೇಲೆ ಎಣ್ಣೆ ಧೂಳು ಕುಡಿದು ಅರಗಿನಂತೆ ಕಚ್ಚಿಕೊಂಡಿತು.

ನೀವು ಹೋದ ಆ ಸಂಜೆ ಅಕ್ಕ ಹುಲಿಗಿಯ ಗುಡಿಗೆ ಹೋಗಿದ್ದಳು. ನಿಜಾಮರ ಕಡೆಯ ದಿನಗಳು. ರೇಡಿಯೋದಲ್ಲಿ ಗಡಿಯಾಚೆಯ ಸುದ್ದಿ ಕೇಳುವವರನ್ನು ಅವರ ಕಡೆಯ ಬಂದೂಕಿನ ದಂಡು ಹುಡುಕುತ್ತಿತ್ತು. ಸುದ್ದಿ ಸಣ್ಣಗೆ ಬರುತ್ತದೆಂದು ಎರಡೂ ಕೈ ಹಚ್ಚಿ ಗುಂಡಿಯನ್ನು ಪೂರ್ತಿ ಏರಿಸಿದಿರಿ. ಅಷ್ಟರಲ್ಲಿ ಓಣಿಯಲ್ಲಿ ಕುದುರೆ ಗೊರಸು. ಇಳಿಸಲು ಹೋದರೆ ಗುಂಡಿ ಅಲುಗಲಿಲ್ಲ. ಸುದ್ದಿಯ ದನಿ ಆಗಲೇ ತಿಳಿಯಾಗಬೇಕೇ? ಮೂರು ಓಣಿಗೆ ಕೇಳಿಸಿತು. ಬ್ಯಾಟರಿಯ ತಂತಿ ಕೀಳುವಷ್ಟು ಹೊತ್ತು ನಿಮಗಿತ್ತು. ಆ ಹೊತ್ತಿನಲ್ಲಿ ನನ್ನ ಕತ್ತು ಹಿಡಿದು ಕಾಳಿನ ಹಗೇವಿಗೆ ತಳ್ಳಿ, ಮೇಲೆ ಕಲ್ಲು ಎಳೆದಿರಿ.

ನೆಲದಡಿಯಿಂದ ಎಲ್ಲ ಕೇಳಿದೆ. ಬಂದೂಕಿನ ಹಿಡಿ ಮೂಳೆಗೆ ಬಿದ್ದರೆ ಜೋಳದ ಒಣದಂಟು ಮುರಿದ ಸದ್ದು. ನಿಮ್ಮ ಬೆರಳುಗಳು, ಒಂದೊಂದಾಗಿ. ‘ಬಂದ್ ಕರೋ’ ಎಂದು ಅವರು, ‘ಆಗವಲ್ದ್ರೀ’ ಎಂದು ನೀವು. ನಿಜ ಹೇಳಿದ್ದಕ್ಕೆ ಇನ್ನೊಂದು ಏಟು. ಕೊನೆಗೆ ಕೊಡಲಿ. ನಿಮ್ಮ ತಲೆಗೆ ಎರಡೇಟು ಸಾಕಾದವು, ರೇಡಿಯೋ ಬಾಯಿ ಮುಚ್ಚಿಸಲು ಮೂರು ಬೇಕಾದವು. ಕೈ ಮುರಿಯುತ್ತೇನೆಂದು ಹೇಳಿದ್ದು ನನಗಲ್ಲವೇ, ಮಾಮಾ? ಹಾಗಿದ್ದರೆ ನಿಮ್ಮ ಕೈ ಏಕೆ...

ದಂಡಿಗೆ ಕೇಳಲೆಂದೇ ದನಿ ಏರಿಸಿದ ಗಂಡು ಎಂದು ಊರು ನಿಮ್ಮನ್ನು ಹೊಗಳಿತು. ಅಕ್ಕ ಮಾತ್ರ ಹಲ್ಲು ಕಡಿದಳು. “ಹಟಕ್ಕ ಸತ್ರು. ನಾ ಒಬ್ಬಾಕಿ ಅದೀನಂತ ನೆನಸಲಿಲ್ಲ.” ನಿಮ್ಮ ಹೆಣದ ಮುಂದೆಯೂ ಅಳಲಿಲ್ಲ ಆಕೆ. ಎಣ್ಣೆಯ ಗುಟ್ಟನ್ನು ನಾನು ಮುಚ್ಚಿಟ್ಟೆ. ಇಡೀ ವರ್ಷ.

ಮೊನ್ನೆ ಹೊಸಪೇಟೆಯ ಮೆಕ್ಯಾನಿಕ್ ಒಡೆದದ್ದನ್ನೆಲ್ಲ ಜೋಡಿಸಿಕೊಟ್ಟ. ಗುಂಡಿಯನ್ನು ಮಾತ್ರ ನನಗೆ ಬಿಡು ಎಂದೆ. ದವಾಖಾನೆಯ ಸ್ಪಿರಿಟ್ಟನ್ನು ಕೋಳಿಪುಕ್ಕದಿಂದ ಹನಿಹನಿ ಬಿಟ್ಟು, ಅಂಗೈ ಸುಲಿಯುವವರೆಗೆ ಆಚೆ ಈಚೆ ತಿರುವಿದೆ. ಕಪ್ಪು ಕೊಳೆ ಇಳಿಯಿತು. ಹರಳೆಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಇವತ್ತು ಬೆಳಿಗ್ಗೆ ರೇಡಿಯೋವನ್ನು ಅಕ್ಕನ ಮುಂದಿಟ್ಟು ಎಲ್ಲ ಹೇಳಿದೆ. ಹಗೇವಿನ ಮಾತನ್ನೂ. ಆಕೆ ಒಂದೇ ಬೆರಳಿನಿಂದ ಗುಂಡಿ ತಿರುವಿ ನೋಡಿದಳು.

“ಇಷ್ಟು ಹಗೂರ ತಿರಗೂದಾ ಇದು?”

ಮರುಗಳಿಗೆ ಒಲೆಯ ಊದುಗೊಳವೆ ನನ್ನ ಹುಬ್ಬು ಸೀಳಿತು. ಎರಡನೆಯ ಏಟಿಗೆ ನಾನೇ ತಲೆ ಬಗ್ಗಿಸಿದೆ. ಆದ್ದರಿಂದ ಇದನ್ನು ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಿದ್ದರೆ ಮನ್ನಿಸಿ.

ಮದುವೆಯಾದಂದಿನಿಂದ ಒಮ್ಮೆಯೂ ಗಂಡನ ಹೆಸರು ಹೇಳದಿದ್ದವಳು ಈಗ ಒಳಗೆ ‘ಶೇಖಪ್ಪಾ, ಶೇಖಪ್ಪಾ’ ಎಂದು ಕೂಗಿ ಅಳುತ್ತಿದ್ದಾಳೆ. ರೇಡಿಯೋ ಹಾಡುತ್ತಿತ್ತು. ನಿಮಗೆ ಆಕೆಯ ದನಿ ಕೇಳಲೆಂದು ಗುಂಡಿ ಇಳಿಸಿದೆ. ಇಳಿಯಿತು.