ಚಿಕ್ಕ ಕೊಳವೆಯ ಕುಲಾಯಿ

ಫೆಬ್ರವರಿ 11, ಬೆಳಿಗ್ಗೆ 8.10

ಗಾಳಿ ಕಡಿಮೆ. ಆಕಾಶ ಸ್ವಚ್ಛ. ಕೆಳಗೆ ಮುನವಳ್ಳಿ ಕಡೆ ಕಡಲೆ ಒಕ್ಕುವ ರಾಶಿ ನಡೆದಿದೆ, ಧೂಳೆಲ್ಲ ನಮ್ಮ ವೀಕ್ಷಣಾಲಯದ ಗುಡ್ಡಕ್ಕೇ. ನಿನ್ನೆ ಸಂಜೆಯೆಲ್ಲ ಟೆಲಿಸ್ಕೋಪಿನ ಗಾಜು ಒರೆಸಿದ್ದೇ ಆಯಿತು. ಹತ್ತೂವರೆಗೆ ಪುಣೆಯ ವಿಜ್ಞಾನಿಗೆ ಆನ್‌ಲೈನಿನಲ್ಲಿ ಸೂರ್ಯನನ್ನು ಹಿಡಿದು ಕೊಡಬೇಕು. ನನ್ನ ಕೆಲಸವೇ ಅದು — ಹಿಡಿದು ಕೊಡುವುದು. ಚೆಕ್‌ಲಿಸ್ಟಿನ ಹನ್ನೆರಡೂ ಸಾಲಿಗೆ ಚಹಾ ಕುಡಿಯುತ್ತಲೇ ಟಿಕ್ ಹಾಕಿದೆ. ನಾಲ್ಕು ವರ್ಷದ ರೂಢಿ.

ಕಸ ಗುಡಿಸಿ ಅಡುಗೆ ಮಾಡುವ ಸುಂದರವ್ವ ಇಲ್ಲಿ ಆರು ವರ್ಷದಿಂದ ಇದ್ದಾರೆ. ಒಮ್ಮೆಯೂ ಟೆಲಿಸ್ಕೋಪಿನಲ್ಲಿ ಇಣುಕಿಲ್ಲವಂತೆ! ಇವತ್ತು ತೋರಿಸಿಯೇ ಬಿಡುತ್ತೇನೆ.

ಮಧ್ಯಾಹ್ನ 12.30

ಎಂಥ ಕೆಲಸ ಮಾಡಿಬಿಟ್ಟೆ!

ದೊಡ್ಡ ಟೆಲಿಸ್ಕೋಪಿನ ಪಕ್ಕಕ್ಕೆ, ಸೂರ್ಯನಿಗೆ ಗುರಿ ಹಿಡಿಯಲು, ಒಂದು ಚಿಕ್ಕ ಕೊಳವೆ. ಅದರ ಬಾಯಿಗೆ ಕಪ್ಪು ಫಿಲ್ಟರಿನ ಮುಚ್ಚಳ — ಕುಲಾಯಿ ಎನ್ನುತ್ತೇವೆ. ಅದಿಲ್ಲದೆ ನೋಡಿದರೆ ಕಣ್ಣು ಸುಡುತ್ತದೆ. ನಿನ್ನೆ ಒರೆಸಲು ತೆಗೆದವಳು ನಾನೇ. ಕಿಟಕಿಯಲ್ಲೇ ಉಳಿದಿತ್ತು. ಕಂಪ್ಯೂಟರೇ ಸೂರ್ಯನನ್ನು ಹಿಡಿಯುತ್ತದೆ, ಆ ಕೊಳವೆಯತ್ತ ನಾನು ತಿರುಗಿಯೂ ನೋಡಲಿಲ್ಲ.

"ಈ ಸಣ್ಣದರಾಗ ನೋಡಕೋತ ಇರ್ರಿ ಸುಂದರವ್ವಾ, ಫೋನ್ ಮುಗಿಸಿ ಬಂದೆ" ಅಂದೆ. ಫೋನು ನಮ್ಮ ಮುಖ್ಯಸ್ಥರು ನಿಜಗುಣಪ್ಪ ಸರ್ ಅವರದು. ಎರಡು ನಿಮಿಷವೂ ಆಗಿಲ್ಲ. ಬಂದಾಗ ಸುಂದರವ್ವ ಬಲಗಣ್ಣು ಒತ್ತಿಕೊಂಡು ನಿಂತಿದ್ದರು.

"ಭಾಳ ಝಳ ಐತ್ರಿ ಅಕ್ಕಾರ."

"ಎಷ್ಟೊತ್ತು ನೋಡಿದ್ರಿ?"

"ಕೈ ಮುಗಿಯೂತನಕ. ದೇವರಲ್ಲೇನ್ರಿ? ಮಾರಿ ತಿರುವಿದ್ರ ಹೆಂಗ?"

ನೋವಿಲ್ಲವಂತೆ. ಇರುವುದಿಲ್ಲ, ಗೊತ್ತು. ಈ ಸುಟ್ಟ ಗಾಯ ತಾಸುಗಳಾದ ಮೇಲೆ ತಿಳಿಯುತ್ತದೆ. ಅವರು ಆಚೆ ಹೋದ ಮೇಲೆ ಕುಲಾಯಿ ಹಾಕಿಬಿಟ್ಟೆ. ಯಾರಿಗೂ ಹೇಳಲಿಲ್ಲ.

ಸಂಜೆ 6.00

ರೊಟ್ಟಿ ಬಡಿಯುವ ಸಪ್ಪಳ. ಎಂದಿನ ಹಾಗೆಯೇ ಇದೆ. ಏನೂ ಆಗಿರಲಿಕ್ಕಿಲ್ಲ... ಸರ್ ಮತ್ತೆ ಫೋನು ಮಾಡಿ "ಎಲ್ಲಾ ಬರೋಬ್ಬರಿ ಐತಿಲ್ಲವಾ?" ಅಂದರು. ದಿನಾ ಕೇಳುವ ಮಾತೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕುಲಾಯಿ ಇದೆಯೇ ಎಂದು ಎದ್ದು ಹೋಗಿ ನೋಡಿ ಬಂದೆ.

ಫೆಬ್ರವರಿ 12

ಸುಂದರವ್ವ ಬಿಡುವಿನಲ್ಲಿ ಹಳೆ ಸೀರೆಯ ಕೌದಿ ಹೊಲಿಯುತ್ತಾರೆ, ಮಗಳ ಬಾಣಂತನಕ್ಕೆ. ಇವತ್ತು ಸೂಜಿ ಹಿಡಿದು ಬಂದರು.

"ಒಂದೀಟು ಪೋಣಿಸಿ ಕೊಡ್ರಿ. ದಾರ ಹಾಳಾದ್ದು, ಹೋಗವಲ್ದು."

ದಾರ ಚೆನ್ನಾಗಿಯೇ ಇತ್ತು. ಪೋಣಿಸಿ ಕೊಟ್ಟೆ, ಕಣ್ಣಿನ ಮಾತು ಎತ್ತಲಿಲ್ಲ. ಅಂಜಿಕೆ. ಅವರ ಕಣ್ಣಿನದು. ನನ್ನ ನೌಕರಿಯದೂ ಇದೆ, ಸುಳ್ಳೇಕೆ.

ಫೆಬ್ರವರಿ 15

ಎರಡು ದಿನ ಬರೆಯುವ ಧೈರ್ಯವಿರಲಿಲ್ಲ.

ಇವತ್ತು ಅನ್ನದಲ್ಲಿ ಹರಳು. ನಾನು ಬಂದ ನಾಲ್ಕು ವರ್ಷದಲ್ಲಿ ಮೊದಲ ಸಲ. ಎದ್ದು ಸುಂದರವ್ವನ ಬಳಿ ಹೋಗಿ, ಎಡಗಣ್ಣು ಮುಚ್ಚಿ ನನ್ನನ್ನು ನೋಡಿ ಎಂದೆ.

"ನಿಮ್ಮ ಮಾರಿ ಅಷ್ಟ ಕಾಣವಲ್ದ್ರಿ. ಸುತ್ತಲಿಂದೆಲ್ಲಾ ಕಾಣತೈತಿ."

"ಮೊದಲ ಯಾಕ ಹೇಳಲಿಲ್ಲ?"

"ಮಶೀನ್ ಏನರ ಕೆಡಿಸೀನೇನೋ ಅಂತ ಅಂಜಿದ್ನಿರಿ."

ನಾನೂ ಅಂಜಿಯೇ ಮುಚ್ಚಿಟ್ಟವಳು; ನಾಳೆ ಧಾರವಾಡದ ಆಸ್ಪತ್ರೆಗೆ ಹೋಗೋಣ ಎಂದಷ್ಟೇ ಅಂದೆ.

ಫೆಬ್ರವರಿ 16, ಧಾರವಾಡ, ಬೆಳಿಗ್ಗೆ 11.20

ಕಣ್ಣಿನ ಆಸ್ಪತ್ರೆಯ ಬೆಂಚು. ಕಣ್ಣೊಳಗಿನ ಪರದೆ ನಡುವೆಯೇ ಸುಟ್ಟಿದೆಯಂತೆ. ಸ್ವಲ್ಪ ಮರಳಬಹುದು, ಮರಳದೆಯೂ ಇರಬಹುದು, ಆರು ತಿಂಗಳು ಕಾಯಬೇಕು. ಹೇಗಾಯಿತೆಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸುಂದರವ್ವ —

"ನಂದ ತಪ್ಪರಿ. ಅಕ್ಕಾರು ಇಲ್ಲದಾಗ ಕದ್ದು ನೋಡೀನಿ."

ಡಾಕ್ಟರು ಹಾಗೆಯೇ ಬರೆದುಕೊಂಡರು. ಆ ಚೀಟಿ ನಾನೇ ಮಡಚಿ ಚೀಲಕ್ಕಿಟ್ಟುಕೊಂಡೆ. ತಿದ್ದಲಿಲ್ಲ!

ಹೊರಗೆ ಬಂದು ಸುಂದರವ್ವ ಅಂದರು, "ಇಷ್ಟು ಕಲತೀರಿ, ನಿಮ್ಮ ನೌಕರಿ ಹೋಗಬಾರದು."

ಸಂಜೆ 4.40, ಗುಡ್ಡ

ರಜೆಗೆಂದು ಫೋನಿನಲ್ಲಿ ಕಳಿಸಿದ ಆಸ್ಪತ್ರೆಯ ಚೀಟಿ ಓದಿ ಸರ್ ಮೇಲೆ ಬಂದಿದ್ದಾರೆ, ಸುಂದರವ್ವನನ್ನು ಕರೆಸಿದ್ದಾರೆ. ಪಕ್ಕದ ಕೋಣೆ. ಎಲ್ಲ ಕೇಳಿಸುತ್ತದೆ.

"ನೋಡು ಅಂತ ಯಾರ್ ಹೇಳಿದ್ರು ನಿನಗ?"

"ಯಾರೂ ಇಲ್ರಿ."

"ನಾಳಿಂದ ಬರಬ್ಯಾಡ. ಕೀಲಿ ಇಟ್ಟು ಹೋಗು."

ಹನ್ನೊಂದನೇ ತಾರೀಖಿನ ಚೆಕ್‌ಲಿಸ್ಟ್ ಮುಂದಿದೆ. ಏಳನೆಯ ಸಾಲು, ಚಿಕ್ಕ ಕೊಳವೆ, ನನ್ನ ಟಿಕ್. ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆ. ಕೆಳಗೆ ಬರೆದೆ: ಕುಲಾಯಿ ಇರಲಿಲ್ಲ. ನೋಡಿ ಎಂದವಳು ನಾನು — ಶೈಲಶ್ರೀ.

ಬಾಗಿಲ ತನಕ ಹತ್ತು ಹೆಜ್ಜೆ. ಮೇಜಿನ ಮೇಲೆ ಕೀಲಿ ಇಟ್ಟ ಸಪ್ಪಳ. ಎದ್ದೆ, ಹೋಗಿ ಈ ಹಾಳೆಯನ್ನು ಸರ್ ಮುಂದೆ ಇಡುತ್ತೇನೆ.