ನಮ್ಮ ಕೊನೆಯ ಪೀಪಾಯಿ

ಬಾಲಿಕೆರಿನ್, ಕಾರ್ಕ್ ಜಿಲ್ಲೆ
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ತಮ್ಮ ಲೋರ್ಕನ್‌ಗೆ ನಿನ್ನ ಅಕ್ಕ ನೋರೀನ್ ಬರೆಯುವುದು.

ನಮ್ಮ ವಿಸ್ಕಿ ಕಾರ್ಖಾನೆ ಕೊಂಡ ಹೊಸಬರು ಭಟ್ಟಿಯನ್ನು ಮತ್ತೆ ಹೊತ್ತಿಸುತ್ತೇವೆ ಎಂದಿದ್ದರು. ಹೊತ್ತಿಸಲಿಲ್ಲ. ತಾಮ್ರದ ಹಂಡೆಯ ಕೆಳಗೆ ಒಂದು ಕೆಂಪು ಬಲ್ಬು ಇಟ್ಟಿದ್ದಾರೆ, ಬೆಂಕಿಯ ಹಾಗೆ ಮಿನುಗುತ್ತದೆ. ಪೀಪಾಯಿ ಕಟ್ಟುವ ಕೊಟ್ಟಿಗೆಗೆ ನಮ್ಮೂರ ಮಕ್ಕಳನ್ನೇ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಸೇರಿಸಿಕೊಳ್ಳಲಿಲ್ಲ. ಅಲ್ಲೀಗ ಒಂದು ಮೇಣದ ಗೊಂಬೆ ಟೋಪಿ ಹಾಕಿಕೊಂಡು ಸುತ್ತಿಗೆ ಎತ್ತಿ ನಿಂತಿದೆ. ಅದಕ್ಕೆ ಕೂಲಿ ಬೇಡ, ಸಂಘ ಬೇಡ, ಮಧ್ಯಾಹ್ನದ ಚಹಾ ಬೇಡ. ಕೊನೆಯ ಪೀಪಾಯಿ ಕೆಲಸಗಾರರದ್ದು, ಅದಕ್ಕೆ ನಾವು ಕೈ ಹಚ್ಚುವುದಿಲ್ಲ ಎಂದಿದ್ದರು. ಹಚ್ಚಿದರು.

ಈ ಮೂರು ಮಾತನ್ನೂ ಮುಚ್ಚಿದ ಗೇಟಿನ ಮುಂದೆ ಬಾರ್ಲಿ ಮೂಟೆ ಹತ್ತಿ ನಿಂತು ನಮಗೆಲ್ಲ ಓದಿ ಹೇಳಿದವನು ನೀನು. ಸಂಘದ ಕಾರ್ಯದರ್ಶಿ ನೀನು. ಆದ್ದರಿಂದ ಮೊದಲು ನಿನಗೇ ಬರೆಯುತ್ತಿದ್ದೇನೆ.

ತಡವಾಯಿತು, ಬೇಸರಿಸಬೇಡ. ಅಪ್ಪನನ್ನು ಮಣ್ಣು ಮಾಡಿ ನೀನು ಡಬ್ಲಿನ್ನಿಗೆ ಹೊರಟ ಮೇಲೆ ಮನೆಗೆ ಬಂದುಹೋಗುವವರು ನಿಲ್ಲಲಿಲ್ಲ. ಪ್ರತಿಯೊಬ್ಬರೂ ಒಂದೊಂದು ಹಣ್ಣಿನ ಕೇಕು ತಂದರು. ತಿಂದು ಮುಗಿಯದೆ ಕೋಳಿಗಳಿಗೆ ಹಾಕಿದೆವು. ಕೋಳಿಗಳು ಈಗ ಜೋಳ ಮುಟ್ಟುವುದಿಲ್ಲ. ಅಮ್ಮನ ಮಂಡಿ ನೋವು ಹಾಗೇ ಇದೆ, ಕಣ್ಣಿನ ಪೊರೆ ಇನ್ನಷ್ಟು ದಪ್ಪವಾಗಿದೆ. ಎದುರು ನಿಂತವರ ಮುಖ ಕಾಣುವುದಿಲ್ಲ, ಮಾತಿನಿಂದ ಗುರುತು ಹಿಡಿಯುತ್ತಾಳೆ. ಅಪ್ಪನ ಅಂಗಿಗಳನ್ನು ಯಾರಿಗೂ ಕೊಡಗೊಡುತ್ತಿಲ್ಲ. ನಿನ್ನ ಹೆಂಡತಿ ಊನಾಗೆ ಹೇಳು, ಅವಳು ಕಳಿಸಿದ ಶಾಲನ್ನು ಅಮ್ಮ ಮಲಗುವಾಗಲೂ ತೆಗೆಯುವುದಿಲ್ಲ.

ಈಗ ಪೀಪಾಯಿಯ ಮಾತು. ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆಯುತ್ತೇನೆ, ರಾಜಧಾನಿಯ ಜನ ಬೇಗ ಮರೆಯುತ್ತಾರೆ.

ನಮ್ಮ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಸತ್ತರೆ ಅವನ ಮನೆಗೆ ಒಂದು ಜಗ್ಗು ವಿಸ್ಕಿ ಬರುತ್ತಿತ್ತು. ಒಡೆಯರು ಕಳಿಸುತ್ತಿರಲಿಲ್ಲ, ಅವನ ಜೊತೆ ದುಡಿದ ಇಬ್ಬರು ಹೊತ್ತು ತರುತ್ತಿದ್ದರು. ಹೆಣದ ಸುತ್ತ ಇಡೀ ರಾತ್ರಿ ಕೂರುವ ಮನೆಯಲ್ಲಿ ಆ ಜಗ್ಗು ಬರುವವರೆಗೆ ಯಾರೂ ಲೋಟ ಎತ್ತುವಂತಿರಲಿಲ್ಲ. ಮೊದಲ ತೊಟ್ಟು ಸತ್ತವನ ತುಟಿಗೆ. ಬದುಕಿದ್ದಾಗ ಅವನು ಕಟ್ಟಿದ್ದು, ತುಂಬಿದ್ದು, ಉರುಳಿಸಿದ್ದು ಎಲ್ಲ ಬೇರೆಯವರ ಗಂಟಲಿಗೆ ಹೋಯಿತು. ಸತ್ತ ಮೇಲಾದರೂ ಅವನ ಪಾಲು ಅವನಿಗೆ ಸಲ್ಲಲಿ ಎಂದು ನಮ್ಮ ಹಿರಿಯರು ಮಾಡಿಕೊಂಡ ಕಟ್ಟಳೆ ಅದು. ಭಟ್ಟಿ ಆರಿದ ದಿನ ಎಲ್ಲರೂ ಸೇರಿ ಒಂದು ಪೀಪಾಯಿ ತುಂಬಿ, ಮುಚ್ಚಳದ ಮೇಲೆ ಕಾದ ಕಬ್ಬಿಣದಿಂದ ಹೆಸರು ಸುಟ್ಟು, ಇದು ನಮ್ಮೆಲ್ಲರ ಸಾವಿಗೆ ಎಂದು ಕಾರ್ಖಾನೆಯ ಉಗ್ರಾಣದಲ್ಲೇ ಎತ್ತಿಟ್ಟರು. ಕಟ್ಟಿದವನು ಅಪ್ಪ. ಅಲ್ಲಿಂದೀಚೆಗೆ ಮನೆ ಮನೆಗೆ ಅದರಿಂದಲೇ ಜಗ್ಗು ಹೋಗಿದೆ.

ಕಟ್ಟಿದವನ ಮನೆಗೆ ಬರಲಿಲ್ಲ. ಅಪ್ಪ ಸತ್ತ ರಾತ್ರಿ ಅವನ ಜೊತೆ ದುಡಿದ ಕಾನ್ ಡ್ರಿಸ್ಕಲ್ ಖಾಲಿ ಜಗ್ಗು ಹಿಡಿದು ಹೋದವನು ಖಾಲಿಯಾಗಿಯೇ ಬಂದ. ಗೇಟಿನಲ್ಲಿ ಕಾವಲುಗಾರ ಬಿಡಲಿಲ್ಲವಂತೆ. "ಹೊಸಬರು, ಗೊತ್ತಿಲ್ಲದೆ ಮಾಡಿದ್ದಾರೆ, ಬಿಡಕ್ಕ" ಎಂದು ನೀನೇ ಪೇಟೆಯಿಂದ ಬಾಟಲಿ ತಂದು ಸುರಿದೆ. ಅಪ್ಪನ ತುಟಿಗೆ ಅಂಗಡಿಯ ವಿಸ್ಕಿ ಬಿತ್ತು. ಆಮೇಲೆ ಅಮ್ಮ ದಿನವೂ ಅದನ್ನೇ ಅಂದಳು. ಕೊನೆಗೆ ಹಟ ಹಿಡಿದಳು, "ತಿಂಗಳು ತುಂಬಿದ ಪೂಜೆ ದಿನ ಗೋರಿಗಾದ್ರೂ ಅವ್ರ ಪಾಲು ಹಾಕ್ಬೇಕು ನೋರೀನ್. ನಾನೇ ಹೋಗಿ ಕೇಳ್ತೀನಿ."

ಮೊನ್ನೆ ಶುಕ್ರವಾರ ಇಬ್ಬರೂ ಹೋದೆವು. ಕೆಮ್ಮಿನ ಔಷಧದ ಖಾಲಿ ಬಾಟಲಿಯನ್ನು ಅಮ್ಮ ಬಿಸಿನೀರಲ್ಲಿ ತೊಳೆದು ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ಮ್ಯಾನೇಜರನನ್ನು ನೋಡಬೇಕು ಎಂದರೆ, ಟಿಕೆಟ್ ತೆಗೆದುಕೊಂಡು ಪ್ರವಾಸಿಗರ ಗುಂಪಿನ ಜೊತೆ ಒಳಗೆ ಹೋಗಿ, ಅವರು ಕೊನೆಯಲ್ಲಿ ಸಿಗುತ್ತಾರೆ ಎಂದರು. ಆ ಅಂಗಳದಲ್ಲಿ ಮೂವತ್ತು ವರ್ಷ ಬಾಟಲಿ ತೊಳೆದ ಹೆಂಗಸು ಟಿಕೆಟ್ ತೆಗೆದುಕೊಂಡು ಒಳಗೆ ಹೋದಳು.

ಗುಂಪಿನಲ್ಲಿ ಜರ್ಮನ್ ಗಂಡಹೆಂಡಿರು, ಮದುವೆಗೆ ಮೊದಲು ಮಜಾ ಮಾಡಲು ಬಂದ ಲೀಡ್ಸಿನ ಹುಡುಗರು, ತನ್ನ ಮುತ್ತಜ್ಜ ಕಾರ್ಕಿನವನು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ ಒಬ್ಬ ಅಮೆರಿಕದವನು. ಕರೆದುಕೊಂಡು ಹೋದ ಹುಡುಗಿ ಈಮರ್, ಗಾಲ್ವೇ ಕಡೆಯವಳು, ಕಲಿತದ್ದನ್ನು ಒಪ್ಪಿಸುತ್ತಿದ್ದಳು. ಕಲ್ಲಿನ ಕಮಾನಿನ ಕೋಣೆ ತೋರಿಸಿ, "ಇಲ್ಲೇ ನಮ್ಮ ಹಿರಿಯ ಒಡೆಯರು ಬೆಳಿಗ್ಗೆ ಬಂದು ಮೊದಲ ಹನಿ ರುಚಿ ನೋಡ್ತಿದ್ರು" ಎಂದಳು.

"ಅದು ಗಂಡಸರ ಕಕ್ಕಸು ಕಣೇ ಮಗಳೇ" ಎಂದಳು ಅಮ್ಮ.

ಲೀಡ್ಸಿನ ಹುಡುಗರು ಬಿದ್ದು ಬಿದ್ದು ನಕ್ಕರು. ಪಾಪ ಈಮರ್ ಕೆಂಪಾದಳು. ಆಮೇಲೆ ನನ್ನ ಹತ್ತಿರ ಬಂದು ಕಿವಿಯಲ್ಲಿ, "ನಂಗೆ ಬರ್ಕೊಟ್ಟಿದ್ದು ಹೇಳ್ತೀನಿ ಅಕ್ಕಾ, ಬೈಬೇಡಿ" ಎಂದಳು. ಅವಳನ್ನು ಬೈದು ಏನು ಬಂತು? ಅವಳಿಗೂ ಹೊಟ್ಟೆಯಿದೆ. ಸುಳ್ಳನ್ನು ತಯಾರಿಸುವವರು ಒಬ್ಬರು, ಅದನ್ನು ನಗುನಗುತ್ತಾ ಹಂಚುವ ಕೂಲಿ ಇನ್ನೊಬ್ಬರಿಗೆ.

ರುಚಿ ನೋಡುವ ಕೋಣೆಯಲ್ಲಿ ಉದ್ದನೆಯ ಮೇಜು. ಪ್ರತಿಯೊಬ್ಬರ ಮುಂದೆ ಮೂರು ಪುಟ್ಟ ಗಾಜಿನ ಲೋಟ: ಹೊಗೆ ನಾತದ ಸ್ಕಾಟ್ಲೆಂಡಿನದು ಒಂದು, ಸಕ್ಕರೆಯಂಥ ಅಮೆರಿಕದ್ದು ಒಂದು, ಮಧ್ಯದಲ್ಲಿ ನಮ್ಮ ಹೆಸರಿನದು. ಹೆಸರು ಮಾತ್ರ ನಮ್ಮದು. ಒಳಗಿರುವುದು ಎಲ್ಲಿಂದಲೋ ಟ್ಯಾಂಕರಿನಲ್ಲಿ ಬರುತ್ತದೆ, ಹಿಂದಿನ ಗೇಟಿನಿಂದ. ಮೂಸಿ, ಬಾಯಲ್ಲಿ ಹೊರಳಿಸಿ, ಏನು ಸಿಕ್ಕಿತು ಹೇಳಿ ಎಂದಳು ಈಮರ್. ಜೇನು ಎಂದರು, ಹಳೆಯ ಚರ್ಮ ಎಂದರು. ಅಮೆರಿಕದವನು ಕಣ್ಣು ಮುಚ್ಚಿಕೊಂಡು, ತನ್ನ ಪೂರ್ವಜರ ಮಣ್ಣು ಎಂದ. ಅಮ್ಮ ಮುಟ್ಟಲಿಲ್ಲ.

ದುಬಾರಿ ಟಿಕೆಟಿನವರಿಗೆ ಮಾತ್ರ ಇನ್ನೊಂದು ಲೋಟ ಇತ್ತು. ಗೋಡೆಯ ಪರದೆ ಸರಿಸಿದರು. ಗಾಜಿನ ಹಿಂದೆ, ದೀಪದ ಕೆಳಗೆ, ನಮ್ಮ ಪೀಪಾಯಿ. ಕಾನ್‌ನ ಹೆಸರು, ನಿನ್ನ ಹೆಸರು, ಎಲ್ಲಕ್ಕಿಂತ ಕೆಳಗೆ ಸೊಟ್ಟಗೆ ಅಪ್ಪನ ಹೆಸರು. ಈಮರ್ ಗಾಜು ಸರಿಸಿ ತಾಮ್ರದ ಕೊಳವೆ ಅದ್ದಿ ಎತ್ತಿ ಜರ್ಮನ್ ಗಂಡಹೆಂಡಿರಿಗೆ ಸುರಿದಳು. ವಾಸನೆ ಮೇಜಿನ ತುದಿಯವರೆಗೆ ಬಂತು. ಅಮ್ಮ ತಲೆ ಎತ್ತಿದಳು. "ನಿಮ್ಮಪ್ಪನ ಅಂಗಿ" ಎಂದಳು. ಅಷ್ಟೇ.

ಮ್ಯಾನೇಜರ್ ಗಿಲ್ಫಾಯಿಲ್ ಸಿಕ್ಕಿದ್ದು ಕೊನೆಗೆ, ಸಾಮಾನು ಮಾರುವ ಅಂಗಡಿಯಲ್ಲಿ. ಒಳ್ಳೆಯ ಮಾತಿನವನು. ಇಂಥವರೇ ಅಪಾಯ. ಬೈಯುವ ಒಡೆಯನ ಎದುರು ನಿಂತು ನಮಗೆ ಅಭ್ಯಾಸವಿದೆ, ಕೈ ಹಿಡಿದು ಸಂತಾಪ ಹೇಳುವವನ ಎದುರು ಏನು ಮಾಡುವುದು?

"ಮಿಸೆಸ್ ಟೂಮಿ, ನಿಮ್ಮ ದುಃಖ ನಂಗೆ ಅರ್ಥ ಆಗುತ್ತೆ. ಆದ್ರೆ ಅದೀಗ ನಮ್ಮ ದಾಸ್ತಾನಿಗೆ ಸೇರಿದ್ದು" ಎಂದ.

"ಅದು ನನ್ನ ಗಂಡ ಕಟ್ಟಿದ್ದಪ್ಪ" ಎಂದಳು ಅಮ್ಮ.

"ಅದನ್ನೇ ನಾವೂ ಹೇಳ್ತಿರೋದು. ಅದಕ್ಕೇ ಅದಕ್ಕೆ ಅಷ್ಟು ಬೆಲೆ."

ಅಮ್ಮ ಚೀಲದಿಂದ ಬಾಟಲಿ ತೆಗೆದು ಹಿಡಿದಳು. "ಇಷ್ಟು ಸಾಕು. ಜಗ್ಗು ಬೇಡ."

ಅವನು ಬಾಟಲಿ ನೋಡಿದ, ಗಡಿಯಾರ ನೋಡಿದ. ಸ್ಥಳೀಯರಿಗೆ ಅಂಗಡಿಯಲ್ಲಿ ರಿಯಾಯಿತಿ ಇದೆ, ಬೇಕಾದ್ದು ತೆಗೆದುಕೊಳ್ಳಿ ಎಂದ.

"ಸ್ಥಳೀಯರಾ?" ಎಂದೆ ನಾನು. "ಈ ಗೋಡೆ ಕಟ್ಟೋಕೆ ಕಲ್ಲು ಹೊತ್ತೋರು ನಾವು ಸ್ವಾಮಿ. ರಿಯಾಯಿತಿ ನಿಮಗೆ ನಾವು ಕೊಡ್ಬೇಕು."

"ನಿಮ್ಮವರ ಒಪ್ಪಿಗೆ ಇಲ್ದೆ ನಾವು ಒಂದು ತೊಟ್ಟೂ ತೆಗ್ದಿಲ್ಲ" ಎಂದ ಅವನು, ಸ್ವಲ್ಪವೂ ಸಿಟ್ಟಿಲ್ಲದೆ.

"ನಮ್ಮವರು ಅಂದ್ರೆ ಯಾರು?"

"ಆ ಕತ್ತಲೆ ಕೋಣೆ ನೋಡ್ಕೊಂಡೇ ಬಂದ್ರಲ್ಲ" ಎಂದ.

ಆ ಕೋಣೆಯ ವಿಷಯ ಇಲ್ಲಿ ಬರೆಯಲು ನನ್ನ ಕೈ ಏಳುತ್ತಿಲ್ಲ. ಮುಂದೆ ನೋಡೋಣ.

ಬರುವಾಗ ಕಾನ್ ಸೇತುವೆಯ ಮೇಲೆ ಕಾಯುತ್ತಿದ್ದ. ಎಲ್ಲ ಕೇಳಿ ಪೈಪು ಬಾಯಿಂದ ತೆಗೆದ. "ಹಿಂದಿನ ಕಿಟಕಿ ಚಿಲಕ ನಂಗೊತ್ತು ಕಣೇ. ನಾಳೆನೇ ಹೋಗಿ ಉರುಳಿಸ್ಕೊಂಡು ಬರ್ತೀನಿ. ಹಿಡಿದ್ರೆ ಹಿಡೀಲಿ. ಈ ವಯಸ್ನಲ್ಲಿ ಜೈಲೇ ವಾಸಿ, ಹೊತ್ತುಹೊತ್ತಿಗೆ ಊಟ, ಹೆಂಡತಿ ಕಾಟ ಇಲ್ಲ."

"ಕಿಟಕಿಯಿಂದ ಹೋಗೋನು ಕಳ್ಳ, ಕಾನಣ್ಣ" ಎಂದೆ. "ನಾವು ಬಾಗಿಲಿಂದ ಹೋಗೋಣ. ಹಾಡು ಹಗಲಲ್ಲಿ."

ಹಾಗೆಂದ ಮೇಲೆ ಸುಮ್ಮನೆ ಕೂರುವಂತಿಲ್ಲವಲ್ಲ. ಮನೆಮನೆಗೆ ಹೋಗಿಬಂದೆ. ಹೆಸರು ಸುಟ್ಟವರಲ್ಲಿ ಬದುಕಿರುವವರು, ಸತ್ತವರ ಹೆಂಡಿರು ಮಕ್ಕಳು, ಎಲ್ಲರ ಮನೆಗೂ. ಬರುವ ಶನಿವಾರ ಅಪ್ಪನ ತಿಂಗಳ ಪೂಜೆ ಮುಗಿದ ಕೂಡಲೇ ಚರ್ಚಿನಿಂದ ನೇರ ಗೇಟಿಗೆ ಹೋಗುವುದು. ಒಂದು ಜಗ್ಗು ಕೇಳುವುದು. ಕೊಟ್ಟರೆ ಗೋರಿಗೆ ತರುವುದು. ಕೊಡದಿದ್ದರೆ ಅಲ್ಲೇ ನಿಲ್ಲುವುದು, ಬಸ್ಸುಗಳು ಎಷ್ಟು ಬೇಕಾದರೂ ಹಾರನ್ ಹಾಕಲಿ. ಕೆಲವರು ಹೆದರಿದ್ದಾರೆ, ಮಕ್ಕಳಿಗೆ ಅಲ್ಲಿ ಕಸ ಗುಡಿಸುವ ಕೆಲಸವಾದರೂ ಸಿಕ್ಕೀತು ಎಂಬ ಆಸೆ. ಅದಕ್ಕೇ ಮೊದಲು ಸಭೆ ಸೇರಿ ಎಲ್ಲರ ಮಾತು ಕೇಳಿ ತೀರ್ಮಾನಿಸಬೇಕೆಂದು ಕಾನ್ ಹೇಳಿದ. ಸರಿಯೆನಿಸಿತು.

ಊನಾಗೂ ಮಗುವಿಗೂ ನನ್ನ ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣು, ಸಿಗರೇಟು ಕಡಿಮೆ ಮಾಡು. ದೇವರು ನಿನ್ನನ್ನು ತನ್ನ ಅಂಗೈಯಲ್ಲಿ ಇಟ್ಟು ಕಾಯಲಿ ಎಂದು ಅಮ್ಮ ಹರಸಿದ್ದಾಳೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ.

ನಿನ್ನ ಅಕ್ಕ,
ನೋರೀನ್ ಟೂಮಿ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ.

ಲೋಟಗಳ ಕೋಣೆಗೆ ಮೊದಲು ಒಂದು ಕತ್ತಲೆ ಕೋಣೆ ಬರುತ್ತದೆ. ಬಾಗಿಲು ಮುಚ್ಚಿ ದೀಪ ಆರಿಸಿದರು. ಕತ್ತಲಲ್ಲಿ ಒಂದು ಗಂಡಸಿನ ದನಿ ಮಾತಾಡತೊಡಗಿತು. ನಾನು ಈ ಊರಿನ ಪೀಪಾಯಿ ಕಟ್ಟುವವನ ಮಗ, ಎಂದಿತು. ಕೊನೆಗೆ, ನಾವು ಕೆಲಸಗಾರರು ನಮ್ಮ ಕೊನೆಯ ಪೀಪಾಯಿಯನ್ನು ನಿಮಗಾಗಿ, ದೂರದಿಂದ ಬಂದ ಅತಿಥಿಗಳಿಗಾಗಿ, ಮನಸಾರೆ ತೆರೆದಿದ್ದೇವೆ, ಎಂದಿತು.

ಅಮ್ಮ ನನ್ನ ಕೈ ಬಿಟ್ಟು ಕತ್ತಲಲ್ಲಿ ಮುಂದೆ ಹೋದಳು. "ಲೋರ್ಕನ್? ಯಾವಾಗ ಬಂದ್ಯೋ? ಮನೆಗೆ ಬಾರ್ದೆ ಇಲ್ಲೇನ್ ಮಾಡ್ತಿದ್ದೀಯೋ?"

ದನಿ ತನ್ನ ಪಾಡಿಗೆ ಮಾತಾಡುತ್ತಲೇ ಇತ್ತು. "ಊಟ ಆಯ್ತೇನೋ?" ಎಂದಳು. ಇದೂ ಆಟದ ಒಂದು ಭಾಗ ಎಂದುಕೊಂಡು ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ದೀಪ ಬಂದಾಗ ಅಮ್ಮ ಗೋಡೆಯ ಮೇಲೆ ಕೈಯಾಡಿಸುತ್ತಾ ನಿಂತಿದ್ದಳು. ಜರ್ಮನ್ ಹೆಂಗಸು ಅವಳ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಂಡಳು.

ಅಂದಿನಿಂದ ಅಮ್ಮನದು ಒಂದೇ ಮಾತು. "ಅದು ನನ್ನ ಮಗನಲ್ಲ. ಈಗ ಯಂತ್ರಕ್ಕೆ ಯಾರ ದನಿ ಬೇಕಾದ್ರೂ ಬರುತ್ತಂತೆ. ಕದ್ದಿದ್ದಾರೆ. ಅವನಿಗೆ ಗೊತ್ತಿರಲ್ಲ, ಬರಿ ನೋರೀನ್, ಕೇಸ್ ಹಾಕ್ಲಿ ಅವ್ನು." ಈ ಕಾಗದ ಬರೆಸಿದವಳು ಅವಳು. ಇದಿಷ್ಟನ್ನು ಹೇಳುವುದಕ್ಕೇ ಬರೆಸಿದಳು, ನಾನೇ ಕೆಳಕ್ಕೆ ತಳ್ಳಿದೆ.

ಆದರೆ ಆ ದನಿ ಇನ್ನೊಂದು ಮಾತನ್ನೂ ಹೇಳಿತು. ಅಪ್ಪ ಹೊಸ ಪೀಪಾಯಿಗೆ ಕಿವಿಯಿಟ್ಟು "ಬದುಕಿದ್ದೀಯೇನೇ ಹುಡುಗಿ?" ಎಂದು ಕೇಳುತ್ತಿದ್ದದ್ದು. ಅದನ್ನು ಕೇಳಿದವರು ನಾನು ಮತ್ತು ನೀನು, ಅವನ ಊಟದ ಡಬ್ಬಿ ಕೊಂಡೊಯ್ಯುತ್ತಿದ್ದ ಎರಡು ಮಕ್ಕಳು. ಅಮ್ಮನಿಗೂ ಗೊತ್ತಿಲ್ಲ. ಯಂತ್ರಕ್ಕೆ ಯಾರು ಹೇಳಿದರು, ಲೋರ್ಕನ್?

ಏನು ಕೊಟ್ಟರು ಎಂದು ನಾನು ಕೇಳುವುದಿಲ್ಲ. ಅಂಗಡಿಯ ಗೋಡೆಯಲ್ಲಿ ನಿನ್ನ ಫೋಟೋ ಇದೆ, ಕೆಳಗೆ "ಪರಂಪರೆಯ ಸಲಹೆಗಾರ" ಎಂದು ಬರೆದಿದೆ. ಅಮ್ಮನಿಗೆ ಕಾಣಿಸಲಿಲ್ಲ. ನಾನು ಹೇಳಲಿಲ್ಲ. ಅವಳ ನಂಬಿಕೆಯನ್ನು ಒಡೆಯುವ ಕೆಲಸ ನಿನ್ನದು, ಅದನ್ನೂ ನನ್ನಿಂದ ಮಾಡಿಸಬೇಡ.

ಸಭೆಗೆ ಬಾ. ಅದು ನನ್ನ ದನಿಯಲ್ಲ ಎಂದು ಹೇಳುವುದಾದರೆ ಬಂದು ಹೇಳು, ನನ್ನದೇ ಎನ್ನುವುದಾದರೂ ಬಂದು ಹೇಳು, ದೀಪ ಉರಿಯುತ್ತಿರುವಾಗ, ಎಲ್ಲರ ಮುಖ ನೋಡಿಕೊಂಡು. ಅಮ್ಮ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಚರ್ಚಿನ ಹಿಂದಿನ ಸಭಾಂಗಣ, ಬರುವ ಗುರುವಾರ, ಸಂಜೆ ಏಳು ಗಂಟೆಗೆ.