ಬೆಳ್ಳಿ ಬಳಿದ ಗಂಡ

ಏಪ್ರಿಲ್ 4

ನನ್ನ ಗಂಡನಿಗೆ ಕೆಲಸ ಸಿಕ್ಕಿತು, ಸಿಕ್ಕಿತು, ಸಿಕ್ಕೇಬಿಟ್ಟಿತು! ಹೊಸ ಮಾಲ್‌ನ ಬಾಗಿಲಲ್ಲಿ ಪ್ರತಿಮೆ. ಮೈಯೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಅಲ್ಲಾಡದೆ ನಿಲ್ಲುವುದು. ನಾಟಕದವನಿಗೆ ಇನ್ನೇನು ಬೇಕು? ಬಳಿಯುವವಳು ನಾನು. ಮದುವೆಯಾಗಿ ತಿಂಗಳಾಗಿಲ್ಲ, ಆಗಲೇ ಇಬ್ಬರಿಗೂ ಒಂದೇ ಆಫೀಸು. ಎಷ್ಟು ರೊಮ್ಯಾಂಟಿಕ್!

ಅತ್ತೆಗೆ ಫೋನಿನಲ್ಲಿ "ಮಾಲ್‌ನಲ್ಲಿ ರಿಸೆಪ್ಷನ್ ಕೆಲ್ಸ ಅಮ್ಮಾ" ಅಂದ. ಪೂರಾ ಸುಳ್ಳೇನಲ್ಲ. ಬಂದವರನ್ನು ಸ್ವಾಗತಿಸುತ್ತಾನೆ — ಬಾಯಿ ಬಿಡದೆ.

ಏಪ್ರಿಲ್ 6, ಬೆಳಿಗ್ಗೆ

ಬಚ್ಚಲಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಮೊದಲ ಕೋಟ್. ಮೈಗೆ ಸ್ಪಂಜು, ಕಿವಿಯ ಹಿಂದೆ ಬ್ರಶ್. ಕಚಗುಳಿ ಅಂತ ಕುಣಿಯುತ್ತಾನೆ. ಅರ್ಧಕ್ಕೆ ಬಂದಾಗ ಸ್ಪಂಜು ನಿಲ್ಲಿಸಿದೆ. ಚರ್ಮ ಉಸಿರಾಡುತ್ತದಲ್ಲ? ಪೂರಾ ಮುಚ್ಚಿದರೆ...? ಸ್ಕೂಲಿನಲ್ಲಿ ಓದಿದ ನೆನಪು.

"ನೀನು ಓದಿದ್ದು ಕಪ್ಪೆ ಪಾಠ ಕಣೇ."

"ಇರ್ಲಿ. ಒಂಚೂರು ಬಿಡ್ತೀನಿ."

ಬೆನ್ನ ನಡುವೆ ನನ್ನ ಅಂಗೈಯಗಲ ಬಿಟ್ಟೆ. ಅಲ್ಲಿಂದ ಉಸಿರಾಡಲಿ.

ಏಪ್ರಿಲ್ 19

ಬರೆಯಲು ಪುರುಸೊತ್ತಿಲ್ಲ. ಮಕ್ಕಳು ಅವನ ಮೂಗು ಮುಟ್ಟಿ ಓಡುತ್ತಾರೆ. ಸೂಪರ್ ಹಿಟ್! ಮ್ಯಾನೇಜರ್ ಅವನ ತಲೆಯ ಮೇಲೆ ದೊಡ್ಡ ಲೈಟು ಹಾಕಿಸಿದ್ದಾರೆ. ಇನ್ನೂ ಹೊಳೆಯಬೇಕಂತೆ. ಈಗ ದಪ್ಪಗೆ ಎರಡು ಕೋಟ್, ನಿಲ್ಲುವ ಹೊತ್ತೂ ಜಾಸ್ತಿ. ಅಂಗೈಯಗಲ ಮಾತ್ರ ತಪ್ಪದೆ ಬಿಡುತ್ತೇನೆ. ನಿಶ್ಚಿಂತೆ.

ಏಪ್ರಿಲ್ 23, ಆಸ್ಪತ್ರೆ

ಬಿದ್ದ. ಮಧ್ಯಾಹ್ನ. ತೂಗಾಡಿದಾಗ ಜನ ಚಪ್ಪಾಳೆ ತಟ್ಟಿದರು. ಬಿದ್ದಾಗಲೂ. ನಾನೂ ತಟ್ಟಿದೆ, ಹೊಸ ಐಟಂ ಅಂದುಕೊಂಡು. ಮುಟ್ಟಿದರೆ ಮೈ ಕಾದ ಹಂಚು. ನನ್ನ ಗುರುತೂ ಹತ್ತಲಿಲ್ಲ ಅವನಿಗೆ. ನರ್ಸ್, ನಾನು ಸೇರಿ ಎಣ್ಣೆ ಹಚ್ಚಿ ಉಜ್ಜಿದೆವು. ಕಂಕುಳಲ್ಲಿ ಐಸ್. ಬೆಳ್ಳಿ ನೀರು ಮಂಚದಡಿ ಹರಿಯಿತು.

ಡಾಕ್ಟರ್‌ಗೆ ಅವನ ಇನ್ನೂ ಉಜ್ಜದ ಬೆನ್ನು ತೋರಿಸಿದೆ. "ಉಸಿರಾಡ್ಲಿ ಅಂತ ಇಷ್ಟು ಬಿಟ್ಟಿದ್ದೆ."

"ಉಸಿರಾಡೋಕೆ ಮೂಗಿದೆಯಲ್ಲಮ್ಮಾ. ಚರ್ಮದ ಕೆಲ್ಸ ಬೆವರೋದು. ಇಷ್ಟು ದಪ್ಪ ಬಣ್ಣ, ಮೇಲೆ ಆ ಲೈಟು... ಮೈ ಕಾವು ಎಲ್ಲಿ ಹೋಗ್ಬೇಕು? ಸದ್ಯ, ಬಣ್ಣದಲ್ಲಿ ವಿಷ ಇರ್ಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತಿದ್ರೆ—"



ಊರೆಲ್ಲ ಬೆವರು ಸುರಿಸಿ ದುಡಿಯುತ್ತದೆ. ನಾನು ಗಂಡನ ಬೆವರಿಗೆ ಬೀಗ ಹಾಕಿ ದುಡಿಯಲು ಕಳಿಸಿದೆ.

ಏಪ್ರಿಲ್ 28

ಮನೆಗೆ ಬಂದ. ಕಿವಿಯ ಸಂದಿಯಲ್ಲಿ ಇನ್ನೂ ಬೆಳ್ಳಿ. ಮ್ಯಾನೇಜರ್ ಫೋನ್: ಭಾನುವಾರ ದೊಡ್ಡವರು ಬರುತ್ತಾರೆ, ಇಡೀ ದಿನ ನಿಲ್ಲಬೇಕು. ಹೂಂ ಅಂದುಬಿಟ್ಟ!

"ಈ ಸಲ ಎರಡು ಅಂಗೈ ಬಿಡು." ನಗು ಬೇರೆ.

"ನಾನು ಬಳಿಯಲ್ಲ."

"ನೀನಲ್ದಿದ್ರೆ ಬಳಿಯೋಕೆ ಜನ ಇಲ್ವಾ?"

ಇದ್ದಾರೆ. ಅದೇ ಭಯ.

ಅದೇ ದಿನ, ಸಂಜೆ

ಹೇಳಿ ಹೇಳಿ ಬಾಯಿ ಒಣಗಿತು. ಭೂಮಿ ಮೇಲೆ ಅವನು ಹೆದರುವುದು ಒಬ್ಬರಿಗೇ. ಟೆರೇಸಿಗೆ ಹೋಗಿ ಅತ್ತೆಗೆ ಫೋನ್ ಮಾಡಿದೆ. ಪ್ರತಿಮೆ, ಆಸ್ಪತ್ರೆ, ಭಾನುವಾರ... ಎಲ್ಲ ಹೇಳಿದೆ. ಬಳಿದವಳು ನಾನೇ ಅನ್ನುವುದನ್ನೂ.

"ಪಾತ್ರೆಗೆ ಹಾಕೋ ಹಾಗೆ ನನ್ನ ಮಗನಿಗೆ ಕಲಾಯಿ ಹಾಕಿದ್ಯೇನಮ್ಮಾ?"

ಆ ಕಡೆ ಬೀರು ತೆಗೆದ ಸದ್ದು.

"ಅವನಿಗೆ ಹೇಳ್ಬೇಡ, ತಪ್ಪಿಸ್ಕೊಂಡಾನು. ಶನಿವಾರ ಬೆಳಗಿನ ಎಕ್ಸ್‌ಪ್ರೆಸ್‌ಗೆ ಬರ್ತೀನಿ, ಸ್ಟೇಷನ್‌ಗೆ ನೀನೊಬ್ಳೇ ಬಾ. ಭಾನುವಾರ ಅದ್ಯಾವನು ಬಳೀತಾನೋ ನಾನೂ ನೋಡ್ತೀನಿ."

ಬರುತ್ತಿದ್ದಾರೆ! ಅವನು ಒಳಗೆ ಕನ್ನಡಿಯ ಮುಂದೆ ಕೈ ಎತ್ತಿ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದಾನೆ. ಮಾಡಲಿ ಪಾಪ. ಶನಿವಾರ. ಬೆಳಗಿನ ಎಕ್ಸ್‌ಪ್ರೆಸ್—